ಹನ್ನೊಂದು ಅಡಿಯ ಮಣ್ಣು

ಪುಣೆ
೨೦ ನವೆಂಬರ್ ೨೦೨೩

ಉಚ್ಚಂಗಪ್ಪ ಕಾಕಾ ಅವರಿಗೆ ಸಫೂರಾ ಮಾಡುವ ಸಲಾಂ.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಹೆಸರಿಗೆ ಒಂದು ಉದ್ದನೆಯ ಗೋಣಿಗಂಟು ಇಳಿದಿರುತ್ತದೆ. ಅದರೊಳಗೆ ಇರುವುದು ಬೈರಿಗೆ, ಮಣ್ಣು ಕೊರೆಯುವ ಬೈರಿಗೆ. ಶಿಕಾರಿಪುರದಲ್ಲಿ ನಮ್ಮ ಅಪ್ಪನ ಕುಲುಮೆಯಲ್ಲೇ ಮಾಡಿಸಿದ್ದು. ಮೂರು ಮೂರು ಅಡಿಯ ಐದು ಸರಳು, ಒಂದಕ್ಕೊಂದು ತಿರುಗಿಸಿ ಜೋಡಿಸಿದರೆ ಹದಿನೈದು ಅಡಿ. ಕಂಪನಿಯ ಬೈರಿಗೆ ಹೀಗೆ ಗಟ್ಟಿ ಬರುವುದಿಲ್ಲ ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಫೋನಿನಲ್ಲಿ ಹೇಳಿದರೆ ಹಿಂದೆ ಕ್ವಾರಿಯ ಸಿಡಿಮದ್ದು ತಿಂದ ನಿಮ್ಮ ಕಿವಿಗೆ ಅರ್ಧ ಸೇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ತಿಂಗಳು ನಾವು ಲ್ಯಾಬಿನ ನಾಲ್ಕು ಜನ ಬಂದು ನಿಮ್ಮ ದೇವರ ಕಾಡಿನಲ್ಲಿ, ಸುಂಕಲಮ್ಮನ ಕಾನಿನಲ್ಲಿ ಮೂರಡಿವರೆಗಿನ ಮಣ್ಣು ತಂದೆವಲ್ಲ, ಅದರಲ್ಲಿ ವಿಶೇಷವೇನೂ ಸಿಗಲಿಲ್ಲ. ಇಂಗಾಲ ಬೇರೆ ಕಾಡುಗಳಲ್ಲಿ ಇದ್ದಷ್ಟೇ. ಈಗ ಆಳದ್ದು ಬೇಕು. ಮರ ಗಾಳಿಯಿಂದ ಎಳೆದುಕೊಂಡ ಇಂಗಾಲವನ್ನು ಬೇರಿನ ದಾರಿಯಲ್ಲಿ ನೆಲಕ್ಕೆ ಇಳಿಸುತ್ತದೆ. ಮೇಲಿನ ಮಣ್ಣಿಗೆ ಸೇರಿದ್ದು ಕೆಲವು ವರ್ಷಗಳಲ್ಲಿ ಮತ್ತೆ ಗಾಳಿಗೇ ಹೋಗಿಬಿಡುತ್ತದೆ. ಆಳದಲ್ಲಿ ಸೇರಿದ್ದು ನೂರಾರು ವರ್ಷ ಅಲ್ಲೇ ಕೂತಿರುತ್ತದೆ.

ಇದು ಯಾಕೆ ಮುಖ್ಯ ಅಂತ ನಿಮಗೆ ಗೊತ್ತು, ಆದರೂ ಇನ್ನೊಮ್ಮೆ ಬರೆಯುತ್ತೇನೆ. ಹೈಟೆನ್ಶನ್ ಲೈನ್ ಎಳೆಯಲು ಎರಡು ದಾರಿ ನೋಡಿಟ್ಟಿದ್ದಾರೆ. ಒಂದು ನಿಮ್ಮ ಕಾನಿನ ನಟ್ಟನಡುವೆ. ಇನ್ನೊಂದು ಪಡುವಣದ ಅಕೇಶಿಯಾ ಗುಡ್ಡ ಬಳಸಿಕೊಂಡು, ನಾಲ್ಕು ಕಿಲೋಮೀಟರ್ ಸುತ್ತು. ಆಳದ ಮಣ್ಣಿನಲ್ಲಿ ಕಿಲೋಗೆ ನಾಲ್ಕು ಗ್ರಾಂಗಿಂತ ಹೆಚ್ಚು ಇಂಗಾಲ ಇದ್ದರೆ ಕಾನು ಮುಟ್ಟುವುದಿಲ್ಲ ಎಂದು ಲೈನಿನ ದಾರಿ ತೀರ್ಮಾನಿಸುವ ಸಮಿತಿಯವರು ಒಪ್ಪಿದ್ದಾರೆ. ಆ ಲೆಕ್ಕ ಕೊಡಬೇಕಾದವಳು ನಾನು. ಮಣ್ಣು ಕೊಡಬೇಕಾದವರು ನೀವು. ಕಾನಿನ ವಾಚರ್ ಆಗಿ ನಿಮ್ಮಷ್ಟು ಅದನ್ನು ಬಲ್ಲವರು ಇನ್ನಾರೂ ಇಲ್ಲ.

ಐದು, ಎಂಟು, ಹನ್ನೊಂದು, ಹದಿನಾಲ್ಕು ಅಡಿ. ನಾಲ್ಕು ಚೀಲ. ಚೀಲದ ಮೇಲೆ ಅಳತೆ ಬರೆದು ಅಂಚೆಗೆ ಹಾಕಿ. ಬಸಕ್ಕ ಕಾಕೂಗೆ ನನ್ನ ಸಲಾಂ ಹೇಳಿ.

ನಿಮ್ಮ ಸಫೂರಾ

*

ಬೆಳ್ಳಟ್ಟಿಕೊಪ್ಪ, ಸೊರಬ ತಾಲ್ಲೂಕು
೯ ಡಿಸೆಂಬರ್ ೨೦೨೩

ಸಫೂರಮ್ಮನಿಗೆ,

ನಾವು ಉಂಡು ತಿಂದು ಗಟ್ಟಿಯಾಗಿದ್ದೇವೆ. ನಿನ್ನ ಅಪ್ಪನ ಬೈರಿಗೆಯೂ ಗಟ್ಟಿಯೇ, ನನ್ನ ರಟ್ಟೆ ಮಾತ್ರ ಬಿದ್ದುಹೋಯಿತು. ಹೆಬ್ಬಲಸಿನ ಬುಡದಿಂದ ಎಂಟು ಹೆಜ್ಜೆ ಬಿಟ್ಟು ಶುರು ಮಾಡಿದೆ. ಎರಡು ದಿನ ಹಿಡಿಯಿತು. ಸಂಜೆ ಮನೆಗೆ ಬಂದರೆ ಬಸಕ್ಕ ಬೆನ್ನಿಗೆ ಎಣ್ಣೆ ಹಚ್ಚುತ್ತಾ ಬೈದದ್ದೇ ಬೈದದ್ದು. ಕಿವಿ ಕೇಳದಿರುವುದರಿಂದ ಆಗುವ ಲಾಭ ಇದೊಂದೇ.

ಒಂದು ಸಂಗತಿ ಹೇಳಬೇಕು. ಮೊದಲ ನಾಲ್ಕು ಅಡಿ ಬೇರೋ ಬೇರು. ಬೈರಿಗೆ ಸಿಕ್ಕಿಕೊಂಡು ನಿಂತೇ ಬಿಡುತ್ತಿತ್ತು. ಆಮೇಲೆ ಕಡಿಮೆಯಾಗುತ್ತಾ ಬಂತು. ಎಂಟಕ್ಕೆ ಬರುವಷ್ಟರಲ್ಲಿ ಬರೀ ಕೆಂಪು ಮಣ್ಣು. ಇನ್ನು ಮುಗಿಯಿತು ಅಂದುಕೊಂಡು ಹನ್ನೊಂದಕ್ಕೆ ಇಳಿಸಿ ಮೇಲೆತ್ತಿದೆ ನೋಡು, ಮಣ್ಣಿನ ತುಂಬ ಮತ್ತೆ ಬೇರು! ದಪ್ಪ ಬೇರಲ್ಲ, ಹಸುಗೂಸಿನ ತಲೆಗೂದಲಿನ ಹಾಗೆ ನವುರು. ನಲವತ್ತು ವರ್ಷದಿಂದ ಈ ಕಾನಿನಲ್ಲಿ ತಿರುಗುತ್ತಿದ್ದೇನೆ, ಮರಗಳು ನೆಲದಡಿಯಲ್ಲಿ ಹೀಗೆ ಇನ್ನೊಂದು ಸಂಸಾರ ಹೂಡಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಸ್ವಲ್ಪ ಹೊತ್ತು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ಕೂತುಬಿಟ್ಟೆ.

ಚೀಲ ನಾಲ್ಕನ್ನೂ ಸೊರಬದ ಅಂಚೆ ಆಫೀಸಿಗೆ ಕೊಟ್ಟಿದ್ದೇನೆ. ಅಲ್ಲಿಯ ಹುಡುಗಿ ಏನು ಇದು ಎಂದು ಕೇಳಿದಳಂತೆ, ನನಗೆ ಕೇಳಲಿಲ್ಲ. ಕಡೆಗೆ ಕಿರುಚಿದಳು, "ಅಜ್ಜಾ, ಒಳಗೆ ಎಂತ ಐತೆ?" ನಾನೂ ಕಿರುಚಿದೆ, "ಮಣ್ಣು!" ಸಾಲಿನಲ್ಲಿ ನಿಂತವರೆಲ್ಲ ನಕ್ಕರು.

ಸೊಸೆ ಶಶಿರೇಖಾಗೆ ಈಗ ಏಳು ತಿಂಗಳು. ಹೋದ ಸಲದ್ದು ನಿಲ್ಲಲಿಲ್ಲವಲ್ಲ, ಹಾಗಾಗಿ ಮನೆಯಲ್ಲಿ ಎಲ್ಲರೂ ಅವಳ ಸುತ್ತ ಮೆಲ್ಲಗೆ ಓಡಾಡುತ್ತೇವೆ. ಬರುವ ವಾರ ಉಡುತಡಿಗೆ, ತವರಿಗೆ ಕಳಿಸುತ್ತೇವೆ.

ಇಂತಿ,
ಉಚ್ಚಂಗಪ್ಪ, ಕಾನಿನ ವಾಚರ್

*

ಪುಣೆ
೧೮ ಜನವರಿ ೨೦೨೪

ಕಾಕಾ,

ನಿಮ್ಮ ಪತ್ರವನ್ನು ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹನ್ನೊಂದು ಅಡಿಯಲ್ಲಿ ಮತ್ತೆ ಬೇರು ಎಂದದ್ದಕ್ಕೆ ನಮ್ಮ ಮುಖ್ಯಸ್ಥರು ಚಂದ್ರಶೇಖರ್ ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು. ಬೇರೆ ದೇಶಗಳ ಕೆಲವು ಕಾಡುಗಳಲ್ಲಿ ಹೀಗೆ ಕಂಡಿದೆಯಂತೆ. ಮೇಲೆ ಒಂದು ಪದರ ಬೇರು, ನಡುವೆ ಖಾಲಿ, ಕೆಳಗೆ ಮತ್ತೊಂದು ಪದರ. ಅಂಥ ಕಡೆ ಆಳದ ಮಣ್ಣಿನಲ್ಲಿ ಇಂಗಾಲವೂ ಜಾಸ್ತಿ.

ಆದರೆ ನಿಮ್ಮ ಚೀಲದಲ್ಲಿ ಅದು ಇಲ್ಲ. ಹನ್ನೊಂದು ಅಡಿಯ ಮಣ್ಣನ್ನು ನಾನೇ ಜರಡಿ ಹಿಡಿದೆ, ನೀರಿನಲ್ಲಿ ತೊಳೆದೆ, ಬಿಳಿ ಬಟ್ಟಲಿನಲ್ಲಿ ಹರಡಿ ದೀಪದಡಿ ಇಟ್ಟು ನೋಡಿದೆ. ಒಂದೇ ಒಂದು ಎಳೆ ಬೇರಿಲ್ಲ. ಇಂಗಾಲ ಕಿಲೋಗೆ ಎರಡು ಗ್ರಾಂ. ಹದಿನಾಲ್ಕರಲ್ಲೂ ಎರಡಕ್ಕಿಂತ ಕಡಿಮೆಯೇ.

ಕಾಕಾ, ಎಲ್ಲಾದರೂ ಚೀಲ ಅದಲುಬದಲಾಯಿತೇ? ಕೊರೆದದ್ದು ಒಂದು ಕಡೆ, ತುಂಬಿದ್ದು ಇನ್ನೊಂದು ಕಡೆ ಹೀಗೇನಾದರೂ? ಏನೇ ಆಗಿದ್ದರೂ ಹೇಳಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಫೆಬ್ರವರಿ ಕೊನೆಯವರೆಗೆ ವರದಿ ನನ್ನ ಕೈಯಲ್ಲೇ ಇರುತ್ತದೆ. ಅದು ಕೈಬಿಟ್ಟು ಹೋದಮೇಲೆ ನಾನು ಏನೂ ಮಾಡಲಾರೆ.

ಬೇಗ ಬರೆಯಿರಿ.

ಸಫೂರಾ

*

ಬೆಳ್ಳಟ್ಟಿಕೊಪ್ಪ
೧ ಫೆಬ್ರವರಿ ೨೦೨೪

ಸಫೂರಮ್ಮ,

ಚೀಲ ಅದಲುಬದಲಾಗಿಲ್ಲ. ಐದು ಅಂದರೆ ಐದೇ, ಹನ್ನೊಂದು ಅಂದರೆ ಹನ್ನೊಂದೇ. ನಾನೇ ಅಳೆದು ನಾನೇ ಕಟ್ಟಿದ್ದು. ಬೇರು ಕಂಡದ್ದು ನನ್ನ ಕಣ್ಣಿನ ದೋಷ ಇರಬಹುದು, ವಯಸ್ಸಾಯಿತು.

ಶಶಿರೇಖಾಗೆ ದಿನ ಹತ್ತಿರ ಬಂದಿದೆ. ಬಸಕ್ಕ ಉಡುತಡಿಯಲ್ಲೇ ಇದ್ದಾಳೆ. ನಾನು ಅಕ್ಕಿ ಬೇಯಿಸಿಕೊಂಡು ಉಣ್ಣುತ್ತಿದ್ದೇನೆ. ಹೆಚ್ಚಿಗೆ ಬರೆಯಲು ಏನೂ ಇಲ್ಲ.

ಉಚ್ಚಂಗಪ್ಪ

*

ಪುಣೆ
೧೪ ಮಾರ್ಚ್ ೨೦೨೪

ಕಾಕಾ,

ವರದಿ ಹೋಯಿತು. ನಾವು ಪರೀಕ್ಷಿಸಿದ ಹನ್ನೆರಡು ಕಾಡುಗಳ ಪಟ್ಟಿಯಲ್ಲಿ ಸುಂಕಲಮ್ಮನ ಕಾನು ಕಟ್ಟಕಡೆಗೆ ಬಂದಿದೆ. ಎರಡು ಗ್ರಾಂ. ಸಮಿತಿಯವರು ಲೈನನ್ನು ಕಾನಿನ ಮೇಲೆಯೇ ಎಳೆಯುವುದಕ್ಕೆ ಒಪ್ಪಿಗೆ ಕೊಡುತ್ತಾರೆ ಎಂದು ಚಂದ್ರಶೇಖರ್ ಸರ್ ಹೇಳಿದರು.

ನನಗೆ ಅಳು ಬಂತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ. ಆ ಕಾನಿನೊಳಗೆ ಕಾಲಿಟ್ಟಾಗ ತಣ್ಣಗೆ ಆಗಿತ್ತಲ್ಲ, ನೀವು ಚಪ್ಪಲಿ ಬಿಡಿಸಿದಿರಲ್ಲ, ಅದೆಲ್ಲ ನೆನಪಾಗುತ್ತದೆ. ಆದರೆ ಅಂಕಿ ಬೇರೆ ಹೇಳುವಾಗ ನನ್ನ ಮನಸ್ಸಿಗೆ ಅನಿಸಿದ್ದನ್ನು ವರದಿಯಲ್ಲಿ ಬರೆಯಲು ಬರುವುದಿಲ್ಲ. ನೀವು ಕಷ್ಟಪಟ್ಟು ಕೊರೆದಿರಿ. ಕಾನಿನಲ್ಲೇ ಇಲ್ಲದಿದ್ದರೆ ನೀವಾದರೂ ಎಲ್ಲಿಂದ ತರುತ್ತೀರಿ.

ಮೊಮ್ಮಗು ಹುಟ್ಟಿತೇ? ತಿಳಿಸಿ.

ಸಫೂರಾ

*

ಬೆಳ್ಳಟ್ಟಿಕೊಪ್ಪ
೧೦ ಜೂನ್ ೨೦೨೪

ಸಫೂರಮ್ಮ,

ಮೂರು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲ ಒಲೆಗೆ ಹಾಕಿದೆ. ಇದನ್ನು ಓದಿದ ಮೇಲೆ ಸೊಸೆಯ ಮೊಬೈಲಿಗೆ ಏನೂ ಕಳಿಸಬೇಡ, ಅವಳು ಓದಿಬಿಡುತ್ತಾಳೆ. ನನಗೇ ಬರೆ.

ನಾನು ಕಳಿಸಿದ್ದು ಕಾನಿನ ಮಣ್ಣಲ್ಲ.

ಕೊರೆದದ್ದು ನಿಜ. ಬೇರು ಕಂಡದ್ದೂ ನಿಜ. ಚೀಲ ತುಂಬಿ ಹೊತ್ತುಕೊಂಡು ಗಡಿಕಲ್ಲಿನವರೆಗೆ ಬಂದೆ. ನಮ್ಮೂರವರು ಸುಂಕಲಮ್ಮನ ಮಣ್ಣನ್ನು ಆ ಕಲ್ಲು ದಾಟಿಸುವುದಿಲ್ಲ. ಕಾನಿನಿಂದ ಹೊರಗೆ ಬರುವಾಗ ಕಾಲಿಗೆ ಹತ್ತಿದ ಕೆಸರನ್ನೂ ಆ ಕಲ್ಲಿಗೆ ಒರೆಸಿ ಬರುತ್ತೇವೆ. ನೀವು ಮೊದಲು ಬಂದಾಗ ತೆಗೆದುಕೊಂಡು ಹೋದಿರಿ, ನೀವು ಪರಊರವರು, ನಿಮಗೆ ಅದರ ದೋಷ ಹತ್ತುವುದಿಲ್ಲ. ಆದರೂ ನಿಮ್ಮ ಹೆಸರಿನಲ್ಲಿ ನಾನು ಹಣ್ಣುಕಾಯಿ ಮಾಡಿಸಿದೆ. ನನ್ನ ಅಣ್ಣ ಒಮ್ಮೆ ಕಟ್ಟೆ ಕಟ್ಟಲು ಒಂದು ಬುಟ್ಟಿ ತಂದಿದ್ದ. ಆ ವರ್ಷ ಅವನ ಮನೆಯಲ್ಲಿ ಹುಟ್ಟಬೇಕಾದ್ದು ಹುಟ್ಟಲಿಲ್ಲ. ಆ ಮಣ್ಣಿಗೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬೇರೆ ಯಾವ ದಿನವಾದರೂ ಆಗಿದ್ದರೆ ಧೈರ್ಯ ಮಾಡುತ್ತಿದ್ದೆನೇನೋ. ಮನೆಯಲ್ಲಿ ಶಶಿರೇಖಾ ಏಳು ತಿಂಗಳ ಬಸುರಿ, ಹೋದ ಸಲ ಕಳಕೊಂಡವಳು. ಅರ್ಧ ಗಂಟೆ ಆ ಕಲ್ಲಿನ ಹತ್ತಿರ ಚೀಲ ಹೊತ್ತುಕೊಂಡು ನಿಂತಿದ್ದೆ. ದಾಟಲಿಲ್ಲ. ವಾಪಸ್ಸು ಹೋಗಿ ಮಣ್ಣನ್ನು ಅದೇ ತೂತಿಗೆ ಸುರಿದು ಬಂದೆ.

ನನ್ನ ಗದ್ದೆ ಅಲ್ಲಿಂದ ಒಂದು ಕೂಗಳತೆ. ಮೂಲೆಯಲ್ಲಿ ಹೋದ ಬೇಸಿಗೆ ತೆಗೆಸಿದ ಬಾವಿಗುಂಡಿ ಹದಿನೈದು ಅಡಿಗೆ ನಿಂತಿದೆ. ಅದೇ ಕೆಂಪು, ಅದೇ ಆಳ. ಏಣಿ ಇಳಿದು ಅದರ ಗೋಡೆಯಿಂದ ಅಳೆದು ಕೆರೆದು ತುಂಬಿದೆ. ಒಂದೇ ನೆಲ, ಮೇಲೆ ಮರ ಇದ್ದರೇನು ಗದ್ದೆ ಇದ್ದರೇನು, ಅಷ್ಟು ಆಳದಲ್ಲಿ ಏನು ವ್ಯತ್ಯಾಸ ಅಂದುಕೊಂಡೆ. ಬೇರು ಅಂಗೈಯಲ್ಲಿ ಹಿಡಿದು ನೋಡಿದವನು ಹೀಗೆ ಅಂದುಕೊಂಡೆನಲ್ಲ, ಅದೇ ನನಗೆ ಈಗಲೂ ಅರ್ಥವಾಗುವುದಿಲ್ಲ.

ನೀನು ಜನವರಿಯಲ್ಲಿ ಕೇಳಿದಾಗ ಬಾಯಿಬಿಡಬೇಕಿತ್ತು. ಆಗ ಅವಳಿಗೆ ಒಂಬತ್ತು ತುಂಬುತ್ತಿತ್ತು. ಹೇಳಿದರೆ ಮತ್ತೆ ತಾ ಅನ್ನುತ್ತೀಯ. ಅಲ್ಲದೆ ಅಷ್ಟು ದೊಡ್ಡ ದೊಡ್ಡ ಮರ ಕಣ್ಣಿಗೆ ಕಾಣುವಾಗ ಯಾರಾದರೂ ಒಂದು ಚೀಲ ಮಣ್ಣು ನೋಡಿ ಕಡಿಯಲು ಹೇಳುತ್ತಾರೆಯೇ ಎಂದು ನನ್ನ ಪೆದ್ದು ತಲೆ ಯೋಚಿಸಿತು.

ಮೊನ್ನೆ ಅರಣ್ಯ ಇಲಾಖೆಯವರು ಬಂದರು. ಲೈನಿನ ಪಟ್ಟಿಯೊಳಗೆ ಬರುವ ಮರಗಳಿಗೆ ನಂಬರ್ ಹಾಕುತ್ತಿದ್ದಾರೆ. ಬಣ್ಣದ ಡಬ್ಬಿ ಹಿಡಿದುಕೊಂಡು ಅವರ ಹಿಂದೆ ಹೋಗುವ ಕೆಲಸ ವಾಚರ್‌ನದು. ಅವರಲ್ಲೊಬ್ಬ ನನ್ನ ಕಿವಿಗೆ ಬಾಯಿ ಇಟ್ಟು ಕೂಗಿದ, "ನಿಮ್ ಕಾನ್ ಕೆಳಗೆ ಏನೂ ಇಲ್ವಂತೆ ಅಜ್ಜ, ರಿಪೋರ್ಟ್ ಬಂದೈತೆ!" ಆರುನೂರ ಹನ್ನೆರಡು ಮರ. ಆ ಹೆಬ್ಬಲಸಿನ ಮರಕ್ಕೆ ನಂಬರ್ ಮುನ್ನೂರ ನಾಲ್ಕು.

ಮಗು ಫೆಬ್ರವರಿ ಹನ್ನೆರಡಕ್ಕೆ ಹುಟ್ಟಿತು. ಹೆಣ್ಣು. ಮೇಘನಾ ಎಂದು ಹೆಸರಿಟ್ಟಿದ್ದಾರೆ. ಗುಂಡುಗುಂಡಗೆ ಚೆನ್ನಾಗಿದೆ. ಅದರ ಮುಖ ನೋಡಿದಾಗ, ಆ ದಿನ ಮತ್ತೆ ಬಂದರೂ ನಾನು ಹಾಗೆಯೇ ಮಾಡುತ್ತಿದ್ದೆನೇನೋ ಅನಿಸುತ್ತದೆ. ಹೊರಗೆ ಬಂದು ಕಾನು ನೋಡಿದರೆ ಸತ್ತುಹೋಗೋಣ ಅನಿಸುತ್ತದೆ. ಎರಡೂ ನಿಜ ಸಫೂರಮ್ಮ, ನಾನೇನು ಮಾಡಲಿ?

ಉಚ್ಚಂಗಪ್ಪ

*

ಪುಣೆ
೨ ಜುಲೈ ೨೦೨೪

ಉಚ್ಚಂಗಪ್ಪನವರಿಗೆ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಪರಊರವರಿಗೆ ಅದು ಹತ್ತುವುದಿಲ್ಲ ಎಂದು ನೀವೇ ಬರೆದಿದ್ದೀರಿ. ನಮ್ಮ ಅಪ್ಪ ಪರಊರವರಲ್ಲವೇ? ಶಿಕಾರಿಪುರದಿಂದ ಸೊರಬಕ್ಕೆ ಎಷ್ಟು ಹೊತ್ತಿನ ದಾರಿ? ಒಂದು ಕಾರ್ಡು ಗೀಚಿದ್ದರೆ ನಮ್ಮಪ್ಪ ಉಸ್ಮಾನ್ ಸಾಬರು ಬೆಳಗಿನ ಬಸ್ಸು ಹತ್ತಿ ಬಂದು ಆ ಚೀಲವನ್ನು ತಲೆಯ ಮೇಲೆ ಹೊತ್ತು ಕಲ್ಲು ದಾಟಿಸಿ ಹೋಗುತ್ತಿದ್ದರು. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಿದ್ದರು. ಇಷ್ಟೇ ಆಗಿತ್ತು ಕಾಕಾ. ಇಷ್ಟೇ. ನಿಮ್ಮ ದೇವರ ಮಾತು ಹೇಳಿದರೆ ನಾನು ನಗುತ್ತೇನೆ ಅಂದುಕೊಂಡಿರಾ? ನಾವೂ ದರ್ಗಾದ ಮಣ್ಣನ್ನು ಕಣ್ಣಿಗೆ ಒತ್ತಿಕೊಳ್ಳುವ ಜನ.

ಚಂದ್ರಶೇಖರ್ ಸರ್ ಹತ್ತಿರ ಎಲ್ಲ ಹೇಳಿದೆ. ಬಾಗಿಲು ಹಾಕಿಕೊಂಡು ಬಾ ಎಂದರು. ಒಂದು ಕಾಡಿನ ಮಣ್ಣು ಸುಳ್ಳು ಎಂದು ನಾವೇ ಬರೆದುಕೊಟ್ಟರೆ ಉಳಿದ ಹನ್ನೊಂದರದ್ದನ್ನು ಯಾರು ನಂಬುತ್ತಾರೆ ಎಂದು ಕೇಳಿದರು. ಅವುಗಳಲ್ಲಿ ಐದು ಕಾಡು ನಮ್ಮ ವರದಿಯಿಂದಲೇ ಉಳಿದಿವೆ. ಯೋಜನೆ ಮಾರ್ಚಿಗೇ ಮುಗಿದಿದೆ, ಫೈಲು ಮುಚ್ಚಿದ್ದಾರೆ. ಅವರು ಕೆಟ್ಟವರಲ್ಲ.

ಆದರೂ ಸಮಿತಿಗೆ ನನ್ನ ಸ್ವಂತ ಹೆಸರಿನಲ್ಲಿ ಬರೆದಿದ್ದೇನೆ. ಸರಿಯಾದ ಮಣ್ಣು ಕಳಿಸಿ. ಪರೀಕ್ಷೆಯ ಖರ್ಚು ನಾನೇ ನೋಡಿಕೊಳ್ಳುತ್ತೇನೆ. ಮಳೆ ಹಿಡಿದಿರುವುದರಿಂದ ಸದ್ಯ ಮರ ಕಡಿಯುವುದಿಲ್ಲ. ಸೆಪ್ಟೆಂಬರಿನಲ್ಲಿ ಅಪ್ಪ ಬರುತ್ತಾರೆ. ಅವರಿಗೆ ಹೇಳಿದ್ದೇನೆ.

ಮೇಘನಾಳಿಗೆ ನನ್ನ ಹಾರೈಕೆ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಸಫೂರಾ

*

ಬೆಳ್ಳಟ್ಟಿಕೊಪ್ಪ
೨೫ ಸೆಪ್ಟೆಂಬರ್ ೨೦೨೪

ಸಫೂರಮ್ಮ,

ನಿನ್ನ ಅಪ್ಪ ಬಂದು ಹೋದರು. ಎಷ್ಟು ಮಾತಾಡುತ್ತಾರೆ! ನನಗೆ ಕೇಳುವುದಿಲ್ಲ ಎಂದು ಗೊತ್ತಿದ್ದೂ ಬಸ್ಸು ಇಳಿದವರು ಮನೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಬಸಕ್ಕ ಅಕ್ಕಿರೊಟ್ಟಿ ಬಡಿದಳು, ಆರು ತಿಂದರು. ಬೈರಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಏನ್ರೀ ಉಚ್ಚಂಗಪ್ಪ, ತುಕ್ಕು ಹಿಡಿಸಿಬಿಟ್ಟೀರಲ್ರೀ" ಎಂದು ನನ್ನ ಕಿವಿಯಲ್ಲಿ ಕೂಗಿ, ಕೊಬ್ಬರಿ ಎಣ್ಣೆ ಕೇಳಿ ಹಚ್ಚಿದರು.

ಇಬ್ಬರೂ ಸೇರಿ ಅದೇ ಹೆಬ್ಬಲಸಿನ ಹತ್ತಿರ, ಹಳೆಯ ತೂತು ಬಿಟ್ಟು ಪಕ್ಕದಲ್ಲಿ ಕೊರೆದೆವು. ಹನ್ನೊಂದು ಅಡಿಯದ್ದು ಮೇಲೆ ಬಂದಾಗ ಅವರ ಅಂಗೈಗೆ ಸುರಿದೆ. ಬೇರಿನ ಎಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಕಣ್ಣಲ್ಲಿ ನೀರು ಬಂತು.

ಗಡಿಕಲ್ಲಿನ ಹತ್ತಿರ ಬಂದಾಗ ನಾನು ಒಳಗೇ ನಿಂತೆ. ಅವರು ಟೋಪಿ ಸರಿಮಾಡಿಕೊಂಡು, ಕಲ್ಲಿಗೆ ಕೈ ಮುಟ್ಟಿಸಿ ಎದೆಗೆ ಒತ್ತಿಕೊಂಡು, ಚೀಲಗಳನ್ನು ಎರಡೆರಡಾಗಿ ಹೊತ್ತು ದಾಟಿದರು. ಎರಡು ಸಲ ಓಡಾಡಿದರು, ಅಷ್ಟೇ. ಲೆಕ್ಕ ಹಾಕಿದರೆ ಐದು ನಿಮಿಷದ ಕೆಲಸ. ಆ ಐದು ನಿಮಿಷ ನಾನು ಅಲ್ಲಿ ನಿಂತು ಹೇಗೆ ಕಳೆದೆ ಎಂದು ಬರೆಯಲು ಬರುವುದಿಲ್ಲ.

ಚೀಲಗಳನ್ನು ಅವರೇ ಶಿಕಾರಿಪುರದಿಂದ ಕಳಿಸುತ್ತಾರೆ. ಲೈನಿನವರು ದಸರಾ ಕಳೆದು ಬರುತ್ತಾರಂತೆ. ಸಮಿತಿಯವರು ಏನಾದರೂ ಬರೆದರೇ? ಬೇಗ ತಿಳಿಸು. ದಿನಾ ಅಂಚೆಯವನ ದಾರಿ ಕಾಯುತ್ತೇನೆ.

ಉಚ್ಚಂಗಪ್ಪ

*

ಪುಣೆ
೫ ಡಿಸೆಂಬರ್ ೨೦೨೪

ಪ್ರೀತಿಯ ಕಾಕಾ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಸಮಿತಿಯಿಂದ ಒಂದೇ ಸಾಲಿನ ಉತ್ತರ ಬಂತು. 'ನಿಮ್ಮ ಪತ್ರವನ್ನು ದಾಖಲಿಸಿಕೊಳ್ಳಲಾಗಿದೆ.' ಕೆಳಗೆ ಒಂದು ನಂಬರ್. ಆ ನಂಬರ್ ಇಟ್ಟುಕೊಂಡು ಹತ್ತು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಬೇರೆ ಬೇರೆಯವರು ಎತ್ತುತ್ತಾರೆ. ಕೆಲಸದ ಆದೇಶ ಹೊರಟುಹೋಗಿದೆ, ಈಗ ಇದು ನಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ಯಾರ ಕೈಯಲ್ಲಿದೆ ಎಂದು ಕೇಳಿದರೆ ಲೈನ್ ಕಟ್ಟಾಗುತ್ತದೆ.

ಮಣ್ಣಿನ ಫಲಿತಾಂಶವೂ ಬಂದಿದೆ. ಹನ್ನೊಂದು ಅಡಿಯದ್ದು ಎರಡೂವರೆ ಗ್ರಾಂ. ಮೊದಲಿನದಕ್ಕಿಂತ ಅರ್ಧ ಗ್ರಾಂ ಹೆಚ್ಚು, ಅಷ್ಟೇ. ನಾಲ್ಕಕ್ಕೆ ಎಲ್ಲಿಯೂ ಮುಟ್ಟುವುದಿಲ್ಲ. ಅಂದರೆ ನೀವು ಮೊದಲೇ ಕಾನಿನ ಮಣ್ಣು ಕಳಿಸಿದ್ದರೂ ಹೀಗೇ ಆಗುತ್ತಿತ್ತು. ನಿಮ್ಮಿಂದ ಏನೂ ಆಗಿಲ್ಲ ಕಾಕಾ. ಇದನ್ನು ಮನಸ್ಸಿನಿಂದ ತೆಗೆದುಹಾಕಿ, ಮೊಮ್ಮಗಳನ್ನು ಆಡಿಸಿಕೊಂಡು ಇರಿ.

ಜುಲೈನಲ್ಲಿ ಬಿರುಸಾಗಿ ಬರೆದೆ. ಅದನ್ನೂ ಮರೆತುಬಿಡಿ.

ನಿಮ್ಮ ಮಗಳು
ಸಫೂರಾ

*

ಬೆಳ್ಳಟ್ಟಿಕೊಪ್ಪ
೨೦ ಜನವರಿ ೨೦೨೫

ಸಫೂರಮ್ಮ,

ಕೆಲಸ ಮುಗಿಯಿತು. ಹನ್ನೆರಡು ದಿನ ಹಿಡಿಯಿತು. ಮೆಷಿನ್ ಗರಗಸದ ಸದ್ದು ನನಗೆ ಕೇಳುವುದಿಲ್ಲ, ಆದರೆ ಮರ ಬಿದ್ದಾಗ ಅಂಗಾಲಿಗೆ ಗೊತ್ತಾಗುತ್ತಿತ್ತು. ಮನೆಯಲ್ಲಿ ಕೂತಿದ್ದರೂ ಗೊತ್ತಾಗುತ್ತಿತ್ತು. ವಾಚರ್ ಎದುರಿಗೆ ನಿಂತು ಪ್ರತಿ ನಂಬರಿನ ಮುಂದೆ ಸಹಿ ಹಾಕಬೇಕು. ಆರುನೂರ ಹನ್ನೆರಡು ಸಹಿ ಹಾಕಿದೆ. ಬೈನೆ, ಸುರಗಿ, ಹೈಗ ಎಂದು ಅವರು ಬರೆಯುತ್ತಾ ಹೋದರು. ಗುರುತು ಸಿಗದ್ದಕ್ಕೆ ಕಾಡುಜಾತಿ ಎಂದು ಬರೆದರು. ನಾನು ಹೆಸರು ಹೇಳಿದೆ, ಬೇಡ ಎಂದು ಕೈ ಆಡಿಸಿದರು.

ಲೈನಿನ ಗೋಪುರದ ಅಡಿಪಾಯಕ್ಕೆ ಜೆಸಿಬಿಯಲ್ಲಿ ಇಪ್ಪತ್ತು ಅಡಿ ತೋಡಿದ್ದಾರೆ. ಮಣ್ಣನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿ ರಸ್ತೆಗೆ ಒಯ್ದರು. ಗುಂಡಿಯ ಗೋಡೆ ನೋಡಿದೆ. ಮೇಲೆ ಬೇರು, ನಡುವೆ ಬರೀ ಕೆಂಪು, ಆಮೇಲೆ ಮತ್ತೆ ಬೇರು, ಗೋಡೆಯುದ್ದಕ್ಕೂ ಜೋತುಬಿದ್ದಿದೆ. ಬಿಸಿಲಿಗೆ ಎರಡೇ ದಿನದಲ್ಲಿ ಒಣಗಿತು.

ಈಗ ಕೇಳು. ನನಗೆ ಕಿವಿ ಹೋಗಿದೆ, ಕಣ್ಣು ಹೋಗಿಲ್ಲ. ಹೋದ ವರ್ಷ ನಿನಗೆ ಕಣ್ಣಿನ ದೋಷ ಎಂದು ಬರೆದೆನಲ್ಲ, ಅದು ಸುಳ್ಳು. ಸುಳ್ಳು ಬರೆದವನಿಗೆ ಸುಳ್ಳು ಗುರುತು ಸಿಗುತ್ತದೆ. ಮೊದಲ ಸಲ ಬೇರಿಲ್ಲ ಎಂದು ನೀನು ಜರಡಿ, ಬಟ್ಟಲು, ದೀಪ ಎಲ್ಲ ಬರೆದಿದ್ದೆ. ಈ ಸಲ ಬೇರಿನ ಮಾತೇ ಎತ್ತಿಲ್ಲ. ಬೇರು ತುಂಬಿದ ಚೀಲ ನಿನ್ನ ಅಪ್ಪ ಹೊತ್ತು ಕಳಿಸಿದ್ದಾರೆ, ನೀನು ಅದನ್ನು ಕಾಣದೆ ಇರುತ್ತೀಯಾ? ನನ್ನ ಜೀವಕ್ಕೆ ನೋವಾಗದಿರಲಿ ಎಂದು ಬರೆದೆ. ನಿನ್ನ ಒಳ್ಳೆಯ ಮನಸ್ಸು. ಓದಿದ ದಿನ ನಾನು ಹೊಟ್ಟೆ ತುಂಬ ಉಂಡೆ, ಅದೂ ನಿಜ. ಆದರೆ ಮರುದಿನದಿಂದ ಆಗಲಿಲ್ಲ.

ಬಸಕ್ಕ, ಬಿಟ್ಟಾಕಿ ಅನ್ನುತ್ತಾಳೆ. ಶಶಿರೇಖಾಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ, ತನ್ನ ಮಗುವಿನ ಸಲುವಾಗಿ ಎಂದು ಅವಳ ಮನಸ್ಸಿಗೆ ಬರಬಾರದು. ಹಾಗಾಗಿ ಇದು ನನ್ನೊಬ್ಬನ ಪಾಲಿನದು. ನನ್ನದು ಎಷ್ಟು ಎಂದು ನನಗೆ ಗೊತ್ತಿರಬೇಕು.

ಮಣ್ಣಿನಲ್ಲಿ ಎಷ್ಟಿತ್ತು? ಮೊದಲೇ ಕಳಿಸಿದ್ದರೆ ಲೈನ್ ಎಲ್ಲಿ ಹೋಗುತ್ತಿತ್ತು? ಎರಡೇ ಪ್ರಶ್ನೆ. ಸಮಾಧಾನದ ಮಾತು ಬರೆಯಬೇಡ.

ಉಚ್ಚಂಗಪ್ಪ

*

ಪುಣೆ
೩ ಫೆಬ್ರವರಿ ೨೦೨೫

ಕಾಕಾ,

ಹನ್ನೊಂದು ಅಡಿಯಲ್ಲಿ ಕಿಲೋಗೆ ಏಳು ಗ್ರಾಂ. ಹದಿನಾಲ್ಕರಲ್ಲಿ ಆರು. ಎರಡೆರಡು ಸಲ ಮಾಡಿ ನೋಡಿದೆ. ಹನ್ನೆರಡು ಕಾಡುಗಳಲ್ಲಿ ಇಷ್ಟು ಬೇರೆಲ್ಲೂ ಇರಲಿಲ್ಲ.

ಲೈನ್ ಅಕೇಶಿಯಾ ಗುಡ್ಡದ ಮೇಲೆ ಹೋಗುತ್ತಿತ್ತು.

ಸಫೂರಾ